ಮೊದಲನೇ ಸಲ ಅಂಗಡಿ ಓಪನಿಂಗ್ ಫೋಟೋ ತೆಗಿಬೇಕು, ಗೊತ್ತಿರೋರು ಗೈಡ್ ಮಾಡಿ

ಕೆರೆಏರಿ_ಕ್ಲಿಕ್ಸ್

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವನು, ಕೆಲಸ ಬೇರೆ, ಫೋಟೋಗ್ರಫಿ ಹವ್ಯಾಸ ಅಷ್ಟೇ. ಇಲ್ಲಿವರೆಗೆ ತೆಗೆದಿದ್ದೆಲ್ಲ ಕೊಂಡಜ್ಜಿ ಕೆರೆ ಹಕ್ಕಿಗಳು, ಊರ ಜಾತ್ರೆ, ಮನೆ ಮಕ್ಕಳು, ಇಂಥವೇ. ಈಗ ನಮಗೆ ತುಂಬ ಬೇಕಾದ ಅಣ್ಣ ಒಬ್ರು, ಬೋರ್‌ವೆಲ್ ಪಂಪು ಮೋಟಾರು ಪೈಪು ಮಾರೋ ಸಣ್ಣ ಅಂಗಡಿ ಇಟ್ಕೊಂಡಿದ್ದೋರು, ಹೊಸ ಶೋರೂಂ ಮಾಡ್ತಿದಾರೆ. ಮುಂದಿನ ತಿಂಗಳು ಒಂದು ಶುಕ್ರವಾರ ಓಪನಿಂಗ್. ಬೆಳಿಗ್ಗೆ ಗಣಹೋಮ, ಆಮೇಲೆ ಸ್ವಾಮೀಜಿಯವರಿಂದ ಟೇಪ್ ಕಟಿಂಗ್, ಪಕ್ಕದ ಖಾಲಿ ಸೈಟಲ್ಲಿ ಶಾಮಿಯಾನ ಹಾಕಿ ಸಣ್ಣ ಸ್ಟೇಜ್ ಕಾರ್ಯಕ್ರಮ, ಹಳೇ ಗಿರಾಕಿಗಳಿಗೆ ಮತ್ತೆ ಮೋಟಾರ್ ರಿಪೇರಿ ಮಾಡೋ ಮೆಕ್ಯಾನಿಕ್‌ಗಳಿಗೆ ಸನ್ಮಾನ, ಪಂಪ್ ಕಂಪನಿಯವ್ರು ಇಬ್ರು ಮೂವರು ಬರ್ತಾರೆ, ಆಮೇಲೆ ಊಟ. ಇನ್ನೂರು ಜನ ಆಗಬಹುದು.

"ನೀನೇ ತೆಗಿ, ನಿನ್ ಫೋಟೋ ಚೆನ್ನಾಗಿರ್ತವೆ" ಅಂತ ನನಗೇ ಹೇಳಿದಾರೆ. ಖುಷಿ ಆಯ್ತು, ಭಯನೂ ಇದೆ, ಯಾಕಂದ್ರೆ ಹಕ್ಕಿ ಹಾರಿಹೋದ್ರೆ ನಾಳೆ ಮತ್ತೆ ಬರುತ್ತೆ, ಟೇಪ್ ಒಂದ್ಸಲ ಕಟ್ ಆದ್ರೆ ಆಯ್ತು. ಅವ್ರು ಇಪ್ಪತ್ತು ವರ್ಷ ಕಷ್ಟಪಟ್ಟು ಈ ಮಟ್ಟಕ್ಕೆ ಬಂದಿರೋರು, ಅವರ ದಿನ ನನ್ನಿಂದ ಹಾಳಾಗಬಾರ್ದು.

ನನ್ ಹತ್ರ ಇರೋದು ಕ್ಯಾನನ್ 200ಡಿ ಮಾರ್ಕ್ 2, ಅದರ ಜೊತೆ ಬಂದ 18-55 ಕಿಟ್ ಲೆನ್ಸು, ಹಕ್ಕಿಗೆ ಅಂತ ತಗೊಂಡ 55-250, 64 ಜಿಬಿ ಕಾರ್ಡು ಒಂದು, ಬ್ಯಾಟರಿ ಒಂದು. ಬೇರೆ ಫ್ಲಾಶ್ ಇಲ್ಲ. ಸ್ವಲ್ಪ ದುಡ್ಡು ಹಾಕ್ಬಹುದು, ಹಾಗಾದ್ರೆ 50 ಎಂಎಂ 1.8 ಲೆನ್ಸ್ ತಗೊಳ್ಳಾ ಅಥವಾ ಫ್ಲಾಶ್ ತಗೊಳ್ಳಾ? ಇಂಥ ಕಾರ್ಯಕ್ರಮದಲ್ಲಿ ಏನೇನು ಬಿಡದೆ ತೆಗಿಬೇಕು? ಇನ್ನೊಂದು, ಅವ್ರು "ಎಷ್ಟಪ್ಪ ಕೊಡ್ಬೇಕು" ಅಂತ ಕೇಳಿದಾರೆ, ನಾನು ಇನ್ನೂ ಏನೂ ಹೇಳಿಲ್ಲ, ಪರಿಚಯದವರ ಹತ್ರ ದುಡ್ಡು ತಗೊಳ್ಳೋದಾ ಬೇಡ್ವಾ ಅದೂ ತಿಳೀತಿಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ಹುಬ್ಬಳ್ಳಿ_ಸ್ಟುಡಿಯೋ

ತಮ್ಮಾ, ಮೊದ್ಲ ಫ್ಲಾಶ್. 50 ಆಮ್ಯಾಲ ನೋಡೂಣು. ನಿನ್ನ ಬಾಡಿ ಕ್ರಾಪ್ ಸೆನ್ಸರ್ (ಒಳಗಿನ ಸೆನ್ಸರ್ ಸಣ್ಣದು, ಅದಕ್ಕ ಚಿತ್ರ ಹತ್ರ ಕಾಣ್ತೈತಿ), 1.6 ಪಟ್ಟು, ಅಂದ್ರ 50 ಹಾಕಿದ್ರ 80ರ ಲೆನ್ಸಿನ ಹಂಗ ಕಾಣ್ತೈತಿ. ಅಂಗಡಿ ಒಳಗ ಪಂಪು ಪೈಪು ರ‍್ಯಾಕು ಇಟ್ಟಿರ್ತಾರ, ಅದ್ರಾಗ ಮಂದಿ ಬ್ಯಾರೆ, ಹಿಂದ ಸರಿಯಾಕ ಜಾಗನ ಸಿಗೂದಿಲ್ಲ, ನಾಕು ಮಂದಿ ನಿಂತ್ರ ಇಬ್ರು ಫ್ರೇಮಿನ ಹೊರಗ ಉಳಿತಾರ. ನಿನ್ನ ಕಿಟ್ ಲೆನ್ಸ್ 18ಕ್ಕ ಎಫ್ 4 ಕೊಡ್ತೈತಿ, 55ಕ್ಕ 5.6 (ಎಫ್ ಅಂದ್ರ ಲೆನ್ಸಿನ ಬಾಯಿ ಎಷ್ಟು ತೆರಿತೈತಿ ಅನ್ನೂ ಅಂಕಿ, ಸಣ್ಣದಾದಷ್ಟ ಬೆಳಕು ಹೆಚ್ಚು). ಎರಡು ಸಾಲಿನ ಗ್ರೂಪಿಗೆ ಹೆಂಗೂ 5.6 ಬೇಕ ಬೇಕು, ಇಲ್ಲಾಂದ್ರ ಹಿಂದಿನ ಸಾಲು ಮಸುಕು ಬರ್ತೈತಿ. ಅಂದ ಮ್ಯಾಲ 1.8 ಇಟ್ಕೊಂಡು ಏನು ಮಾಡ್ತಿ? ಮುಂದ ಯಾವಾಗರೆ ಲೆನ್ಸ್ ತಗೊಳ್ಳೂದಿದ್ರ ಕ್ಯಾನನ್ನಿನ 24 ಎಂಎಂ 2.8 ಪ್ಯಾನ್‌ಕೇಕ್ ನೋಡು, ಸಣ್ಣ ಜಾಗಕ್ಕ ಅದು ಚಲೋ.

ಈಗ ಫ್ಲಾಶಿನ ಸುದ್ದಿ, ಇದನ್ನ ಲಕ್ಷ್ಯ ಇಟ್ಟು ಓದು. 200ಡಿ ಮಾರ್ಕ್ 2 ಒಳಗ ಹಾಟ್ ಶೂ (ಮ್ಯಾಲ ಫ್ಲಾಶ್ ಕೂಡಿಸೂ ಜಾಗ) ನಡುವಿನ ದೊಡ್ಡ ಪಿನ್ ಕ್ಯಾನನ್‌ನವ್ರು ತಗದುಬಿಟ್ಟಾರ. ಮ್ಯಾಲಿಂದ ನೋಡು, ನಡುವ ಬೋಳ ಇರ್ತೈತಿ. ಕಡಿಮಿ ರೇಟಿನ ಮ್ಯಾನ್ಯುವಲ್ ಫ್ಲಾಶುಗಳು ಅದ ಪಿನ್ನಿನ ಮ್ಯಾಲ ನಡೀತಾವ, ಅಂಥಾವು ನಿನ್ನ ಕ್ಯಾಮೆರಾದ ಮ್ಯಾಲ ಹೊಡಿಯೂದ ಇಲ್ಲ. ಆನ್‌ಲೈನ್ ಒಳಗ ಅಗ್ಗ ಸಿಕ್ತು ಅಂತ ತರಿಸಿಬಿಟ್ರ ರೊಕ್ಕ ನೀರಾಗ ಹೋದಂಗ. ಕ್ಯಾನನ್ನಿನ ಸ್ವಂತ ಸ್ಪೀಡ್‌ಲೈಟ್ ಫ್ಲಾಶ್ ನಡೀತಾವ, ಗೋಡಾಕ್ಸ್ ಕಂಪನಿದಾಗ ಟಿಟಿಎಲ್ (ಕ್ಯಾಮೆರಾನ ಬೆಳಕು ಅಳದು ಫ್ಲಾಶ್ ಹೆಚ್ಚು ಕಡಿಮಿ ಮಾಡೂದು) ಇರೂ ಮಾಡೆಲ್ ಹೊಸ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಇದ್ರ ನಡೀತಾವ. ಕ್ಯಾಮೆರಾ ಕೈಯಾಗ ಹಿಡ್ಕೊಂಡು ಅಂಗಡಿಗೆ ಹೋಗು, ಅಲ್ಲೇ ಹಾಕಿ ನಾಕು ಫೋಟೋ ಹೊಡದು ನೋಡಿ ಆಮ್ಯಾಲ ರೊಕ್ಕ ಕೊಡು. ಬೇಕಂದ್ರ ನಿಮ್ಮೂರ ಸ್ಟುಡಿಯೋದವ್ರನ್ನ ಒಂದು ದಿನದ ಬಾಡಿಗಿಗೆ ಕೇಳು, ಕೊಡ್ತಾರ.

ತಂದ ಮ್ಯಾಲ ಮಕಕ್ಕ ನೇರ ಹೊಡಿಬ್ಯಾಡ. ತಲಿ ಮ್ಯಾಲಕ್ಕ ತಿರುವಿ ಬಿಳಿ ಸೀಲಿಂಗಿಗೆ ಹೊಡಿ, ಬೆಳಕು ಮೆತ್ತಗ ಆಗಿ ಕೆಳಗ ಬರ್ತೈತಿ. ಶಾಮಿಯಾನದಾಗ ಮಾತ್ರ ಹುಷಾರ. ನಮ್ಮ ಕಡೆ ಶಾಮಿಯಾನ ಅಂದ್ರ ಕೆಂಪು, ಹಳದಿ, ನೀಲಿ ಪಟ್ಟಿ ಬಟ್ಟಿ. ಅದಕ್ಕ ಫ್ಲಾಶ್ ಬಡದ್ರ ಬೆಳಕು ಅದ ಬಣ್ಣ ಹೊತ್ಕೊಂಡು ಇಳೀತೈತಿ. ಫ್ಲಾಶ್ ಹೊಡಿಲಿಲ್ಲ ಅಂದ್ರೂ ಮ್ಯಾಲಿನ ಬಿಸಿಲು ಬಟ್ಟಿ ಒಳಗಿಂದ ಸೋಸಿ ಬಂದು ಎಲ್ಲಾರ ಮಕ ಕೆಂಪಗ ಮಾಡ್ತೈತಿ, ಒಂದು ಕಡಿ ಕೆಂಪು ಇನ್ನೊಂದು ಕಡಿ ಹಳದಿ ಆದ್ರ ರಾ ಫೈಲ್ (ಆಮ್ಯಾಲ ಬಣ್ಣ ತಿದ್ದಾಕ ಬರೂ ಪೂರ್ತಿ ಫೈಲ್) ಇದ್ರೂ ಸರಿ ಮಾಡೂದು ತ್ರಾಸ. ಇದಕ್ಕ ಔಷಧ ಒಂದ ಐತಿ. ಅಣ್ಣಾರಿಗೆ ಈಗ ಹೇಳು, ಶಾಮಿಯಾನದವ್ರಿಗೆ ಆರ್ಡರ್ ಕೊಡುವಾಗ ಸ್ಟೇಜಿನ ಮ್ಯಾಲ ಬಿಳಿ ಬಟ್ಟಿ ಕಟ್ಟಾಕ ಹೇಳಾಕ. ಅವ್ರ ಹಂತ್ಯಾಕ ಇರ್ತೈತಿ, ಕೇಳಿದ್ರ ಹಾಕ್ತಾರ, ಕೇಳಲಿಲ್ಲ ಅಂದ್ರ ಕೈಗೆ ಸಿಕ್ಕಿದ್ದು ಹಾಕ್ತಾರ. ಕ್ಯಾಮೆರಾದಾಗ ಎಷ್ಟ ಒದ್ದಾಡಿದ್ರೂ ಸಿಗದ ಬಣ್ಣ ಶಾಮಿಯಾನದವ್ರಿಗೆ ಮಾಡಿದ ಒಂದು ಫೋನ್ ಕರೆಯಿಂದ ಸಿಗ್ತೈತಿ.

ಒಳಗ ಎಲ್‌ಇಡಿ ಲೈಟ್ ಇದ್ರ ಶಟರ್ 1/100 ಇಲ್ಲಾ 1/50 ಸೆಕೆಂಡ್ ಇಡು. ನಮ್ಮ ಕರೆಂಟು 50 ಹರ್ಟ್ಜ್, ಲೈಟು ಸೆಕೆಂಡಿಗೆ 100 ಸಲ ಮಿಣುಕ್ತೈತಿ, ಶಟರ್ ಫಾಸ್ಟ್ ಮಾಡಿದ್ರ ಫೋಟೋದಾಗ ಅಡ್ಡ ಪಟ್ಟಿ ಬರ್ತಾವ. ಮ್ಯಾನ್ಯುವಲ್ ಒಳಗ ಶಟರ್ 1/100, ಎಫ್ 5.6, ಐಎಸ್‌ಒ (ಸೆನ್ಸರ್ ಬೆಳಕು ಹಿಡಿಯೂ ಶಕ್ತಿ) 800, ಫ್ಲಾಶ್ ಟಿಟಿಎಲ್, ಇಲ್ಲಿಂದ ಶುರು ಮಾಡು, ಆಮ್ಯಾಲ ನೋಡ್ಕೊಂತ ಹೋಗು.

ತುಮಕೂರ್_ಟ್ರೇಡರ್

ನಾನು ಫೋಟೋಗ್ರಾಫರ್ ಅಲ್ಲ, ಅಂಗಡಿ ಇಟ್ಟಿರೋನು, ಹೋದ ವರ್ಷ ನಮ್ದೂ ಎರಡನೇ ಬ್ರಾಂಚ್ ಓಪನಿಂಗ್ ಆಯ್ತು. ಅದಕ್ಕೇ ಮಾಲೀಕನ ಕಡೆಯಿಂದ ನಾಲ್ಕು ಮಾತು ಹೇಳ್ತೀನಿ. ಮೇಲೆ ಸರ್ ಹೇಳಿದ್ದೆಲ್ಲ ಸರಿ ಇರಬಹುದು, ಆದ್ರೆ ಆ ಫೋಟೋ ನೋಡೋ ನಮಗೆ ಐಎಸ್‌ಒ ಕಾಣಲ್ಲ, ಯಾರು ಬಂದಿದ್ರು ಅನ್ನೋದು ಕಾಣುತ್ತೆ. ಬಂದೋರ ಫೋಟೋ ಇಲ್ಲ ಅಂದ್ರೆ ಅದು ನಮಗೆ ವರ್ಷಗಟ್ಟಲೆ ಮನಸಲ್ಲಿ ಉಳಿಯೋ ವಿಷಯ. ಸಾಲ ಕೊಟ್ಟ ಬ್ಯಾಂಕ್ ಮ್ಯಾನೇಜರ್ ಅರ್ಧ ಗಂಟೆ ಬಿಡುವು ಮಾಡ್ಕೊಂಡು ಬಂದಿರ್ತಾರೆ, ಮೊದಲ ಅಂಗಡಿಗೆ ಜಾಗ ಬಾಡಿಗೆ ಕೊಟ್ಟ ಯಜಮಾನ್ರು ವಯಸ್ಸಾಗಿದ್ರೂ ಬಂದು ಹಿಂದಿನ ಸಾಲಲ್ಲಿ ಕೂತಿರ್ತಾರೆ. ಹೊರಗಿನಿಂದ ಬಂದ ಫೋಟೋಗ್ರಾಫರ್‌ಗೆ ಅವ್ರು ಯಾರು ಅಂತ ಗೊತ್ತಾಗೋದೇ ಇಲ್ಲ.

ನಿಮಗೆ ಇಲ್ಲೇ ಅನುಕೂಲ ಇರೋದು. ಆಮಂತ್ರಣ ಪತ್ರಿಕೆ ಪ್ರೂಫ್ ಬಂದ ದಿನಾನೇ ಒಂದು ಕಾಪಿ ಇಸ್ಕೊಳಿ. ಸಾನ್ನಿಧ್ಯ ಯಾರು, ಉದ್ಘಾಟನೆ ಯಾರು, ಅಧ್ಯಕ್ಷತೆ ಯಾರು, ಮುಖ್ಯ ಅತಿಥಿ ಯಾರು, ಎಲ್ಲ ಕ್ರಮವಾಗಿ ಪ್ರಿಂಟ್ ಆಗಿರುತ್ತೆ, ನಿಮ್ಮ ಲಿಸ್ಟ್ ಅದೇ. ಪತ್ರಿಕೆಯಲ್ಲಿ ಹೆಸರಿಲ್ಲದೆ ಮುಖ್ಯವಾದೋರನ್ನ ಅಣ್ಣನ್ನೇ ಕೇಳಿ ಬರ್ಕೊಳಿ. ಅವತ್ತು ಅವರ ಮನೆಯವರಲ್ಲಿ ಎಲ್ಲರ ಗುರುತು ಇರೋ ಒಬ್ಬರನ್ನ, ತಮ್ಮನೋ ಅಳಿಯನೋ, ನಿಮ್ಮ ಜೊತೆ ಬಿಡೋಕೆ ಹೇಳಿ. "ನೋಡಿ, ಅವ್ರು ಬಂದ್ರು" ಅಂತ ಹೇಳೋಕೆ ಒಬ್ರಿದ್ರೆ ಅರ್ಧ ಕೆಲಸ ಆದಂಗೆ. ಮಾಲೀಕರನ್ನ ಅವತ್ತು ಕೇಳೋಕಾಗಲ್ಲ, ಅವ್ರು ಬಾಗಿಲಲ್ಲಿ ಕೈ ಮುಗೀತಾ ನಿಂತಿರ್ತಾರೆ.

ಇನ್ನೊಂದು ಯಾರೂ ತೆಗಿಯಲ್ಲ, ನೀವು ತೆಗೀರಿ. ಮೊದಲ ಬೋಣಿ. ಪೂಜೆ ಆದ್ಮೇಲೆ ಕ್ಯಾಶ್ ಕೌಂಟರಲ್ಲಿ ಯಜಮಾನ್ರು ಕೂತು ಮೊದಲ ಬಿಲ್ಲು ಬರೀತಾರೆ, ಯಾರೋ ಹಳೇ ಗಿರಾಕಿ ಒಂದು ಪೈಪ್ ಫಿಟಿಂಗೋ ಒಂದು ಸ್ಟಾರ್ಟರೋ ತಗೊಂಡು ಕೈಗೆ ದುಡ್ಡು ಕೊಡ್ತಾರೆ, ಅದನ್ನ ಕಣ್ಣಿಗೊತ್ಕೊಂಡು ಗಲ್ಲದೊಳಗೆ ಹಾಕ್ತಾರೆ. ಎರಡು ನಿಮಿಷದ ಕೆಲಸ, ಆ ಟೈಮಲ್ಲಿ ಫೋಟೋಗ್ರಾಫರ್ ಸ್ಟೇಜ್ ಹತ್ರ ಇರ್ತಾರೆ. ಬೋಣಿ ಯಾವಾಗ ಅಂತ ಮೊದಲೇ ಕೇಳಿಟ್ಕೊಳಿ.

ಅಂಗಡಿ ಹುಡುಗ್ರು, ಲೋಡಿಂಗ್ ಮಾಡೋರು, ಗಾಡಿ ಡ್ರೈವರ್, ಇವರನ್ನೆಲ್ಲ ಬೋರ್ಡ್ ಕೆಳಗೆ ನಿಲ್ಸಿ ಮಾಲೀಕರ ಜೊತೆ ಒಂದು ಗ್ರೂಪ್ ಬೇಕೇ ಬೇಕು. ಅದನ್ನ ಜನ ಬರೋಕೆ ಮುಂಚೆ ಬೆಳಿಗ್ಗೆನೇ ಮುಗ್ಸಿ, ಆಮೇಲೆ ಅವರು ಕುರ್ಚಿ ಹಾಕೋದು ನೀರು ಕೊಡೋದು ಅಂತ ಒಬ್ಬೊಬ್ರು ಒಂದೊಂದು ಕಡೆ ಇರ್ತಾರೆ. ಕಂಪನಿಯವ್ರು ಬಂದ್ರೆ ಅವರ ಪಂಪ್ ಡಿಸ್ಪ್ಲೇ, ಅವರ ಬೋರ್ಡ್ ಹಿಂದೆ ಕಾಣೋ ಹಾಗೆ ಮಾಲೀಕರ ಜೊತೆ ತೆಗೀರಿ, ಅದನ್ನ ಅವ್ರು ಆಫೀಸಿಗೆ ಕಳಿಸ್ಬೇಕಾಗಿರುತ್ತೆ, ಆ ಸಂಬಂಧ ಮಾಲೀಕರಿಗೆ ವ್ಯಾಪಾರದಲ್ಲಿ ಕೆಲಸಕ್ಕೆ ಬರುತ್ತೆ. ಮತ್ತೆ ಖಾಲಿ ಅಂಗಡಿ, ಜನ ಇಲ್ದೆ ಇರೋದು, ರ‍್ಯಾಕು ಕೌಂಟರು ಬೋರ್ಡು ಎಲ್ಲ ನೀಟಾಗಿ. ಗೂಗಲ್ ಮ್ಯಾಪಲ್ಲಿ ಹಾಕೋಕೆ ಅದೇ ಬೇಕು. ನಮ್ಮಲ್ಲಿ ಅದೊಂದು ಇಲ್ದೆ ಆಮೇಲೆ ಮೊಬೈಲಲ್ಲಿ ತೆಗ್ಸಿದ್ದಾಯ್ತು.

ಕಡಲಬದಿ_ಲೆನ್ಸ್

ದುಡ್ಡಿನ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳ್ತೇನೆ. ತಗೊಳ್ಳಿ ಮಾರ್ರೆ. ಅವರೇ ಎಷ್ಟು ಅಂತ ಕೇಳಿದ್ದಾರೆ, ಅಂದ್ರೆ ಕೊಡುವ ಮನಸ್ಸು ಉಂಟು. ನೀವು ಪುಕ್ಕಟೆ ಅಂದ್ರೆ ಆ ಊರಿನಲ್ಲಿ ಇದೇ ಕೆಲಸದಲ್ಲಿ ಹೊಟ್ಟೆ ಹೊರೆಯುವ ಸ್ಟುಡಿಯೋದವರಿಗೂ ಅದು ತೊಂದರೆ. ಲೆಕ್ಕ ಹೀಗೆ ಹಾಕಿ: ಫ್ಲಾಶಿನ ಬಾಡಿಗೆ, ಹೆಚ್ಚಿನ ಕಾರ್ಡು ಬ್ಯಾಟರಿ, ಅವತ್ತಿನ ನಿಮ್ಮ ರಜೆ, ಆಮೇಲೆ ಎಡಿಟಿಂಗ್‌ಗೆ ಕೂತುಕೊಳ್ಳುವ ರಾತ್ರಿಗಳು. ಅದರ ಮೇಲೆ ಊರಿನ ಸ್ಟುಡಿಯೋ ಅರ್ಧ ದಿನಕ್ಕೆ ಏನು ತಗೊಳ್ತದೆ ಕೇಳಿ, ಹೊಸಬರು ಅಂತ ಅದಕ್ಕಿಂತ ಸ್ವಲ್ಪ ಕಡಿಮೆ ಹೇಳಿ. ಅರ್ಧ ಮೊದಲೇ ತಗೊಳ್ಳಿ. ಬಿಲ್ ಕೇಳಿದ್ರೆ ಸಾದಾ ಬಿಲ್ ಕೊಡಿ, ರಾಜ್ಯದ ಒಳಗೆ ಸರ್ವಿಸ್ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಜಿಎಸ್‌ಟಿ ರಿಜಿಸ್ಟ್ರೇಷನ್ ಕಡ್ಡಾಯ ಇಲ್ಲ.

ಇನ್ನೊಂದು ವಿಷಯ ನಮ್ಮ ಫೀಲ್ಡಿನಲ್ಲೇ ತುಂಬ ಜನಕ್ಕೆ ಗೊತ್ತಿಲ್ಲ. ಫೋಟೋ ತೆಗೆದವನೇ ಯಾವಾಗಲೂ ಅದರ ಮಾಲೀಕ ಅಂತ ಎಲ್ಲರೂ ನಂಬಿಕೊಂಡಿರ್ತಾರೆ. ನಮ್ಮ ದೇಶದಲ್ಲಿ ಹಾಗಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ನೋಡಿ, ಯಾರಾದ್ರೂ ಹಣ ಕೊಟ್ಟು ತಮಗೋಸ್ಕರ ಫೋಟೋ ತೆಗೆಸಿದ್ರೆ, ಬೇರೆ ಒಪ್ಪಂದ ಇಲ್ಲದಿದ್ರೆ, ಕಾಪಿರೈಟಿನ ಮೊದಲ ಮಾಲೀಕರು ತೆಗೆಸಿದವರೇ. ಹಣ ತಗೊಳ್ಳದೆ ತೆಗೆದ್ರೆ ಅದು ನಿಮ್ಮದು. ನಾಳೆ ನೀವು ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಕೆಲಸ ಅಂತ ತೋರಿಸಬೇಕಲ್ಲ, ಅದಕ್ಕೆ ಮೊದಲೇ ವಾಟ್ಸಾಪಿನಲ್ಲಿ ಆದ್ರೂ ಬರೆದು ಕಳಿಸಿ: ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನ ತನಕ ಕೆಲಸ, ಅಂದಾಜು ಇಷ್ಟು ಎಡಿಟ್ ಮಾಡಿದ ಫೋಟೋ, ಇಂಥ ದಿನದೊಳಗೆ ಕೊಡುವುದು, ಆಲ್ಬಂ ಬೇಕಾದ್ರೆ ಖರ್ಚು ಬೇರೆ, ನನ್ನ ಪೇಜಿನಲ್ಲಿ ಕೆಲವು ಹಾಕಿಕೊಳ್ಳಲಿಕ್ಕೆ ನಿಮ್ಮ ಒಪ್ಪಿಗೆ ಉಂಟು. ಅವರು "ಓಕೆ" ಅಂತ ಉತ್ತರ ಹಾಕಿದ್ರೆ ಸಾಕು, ನಾಳೆ ತೋರಿಸಲಿಕ್ಕೆ ಒಂದು ಆಧಾರ ಇರ್ತದೆ. ಆಲ್ಬಂ ಮಾತು ಯಾಕೆ ಹೇಳಿದ್ದು ಅಂದ್ರೆ, ಫೋಟೋ ಅಂದ ಕೂಡಲೇ ಮನೆಯವರ ತಲೆಯಲ್ಲಿ ಮದುವೆಯ ಹಾಗೆ 12x36 ಇಂಚಿನ ದೊಡ್ಡ ಕರಿಜ್ಮಾ ಆಲ್ಬಂ ಇರ್ತದೆ. ನೀವು ಪೆನ್‌ಡ್ರೈವ್ ಕೊಟ್ಟಾಗ ಆಲ್ಬಂ ಎಲ್ಲಿ ಅಂತ ಕೇಳಿದ್ರೆ ಇಬ್ಬರಿಗೂ ಬೇಸರ.

ಕೆರೆಏರಿ_ಕ್ಲಿಕ್ಸ್

ತುಂಬಾ ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಹುಬ್ಬಳ್ಳಿ ಸರ್, ಹಾಟ್ ಶೂ ನೋಡಿದೆ, ನೀವು ಹೇಳಿದ ಹಾಗೇ ಮಧ್ಯದಲ್ಲಿ ಪಿನ್ ಇಲ್ಲ! ನಾನು ಆನ್‌ಲೈನಲ್ಲಿ ಕಾರ್ಟಿಗೆ ಹಾಕಿಟ್ಟಿದ್ದು ಅದೇ ಮ್ಯಾನ್ಯುವಲ್ ಫ್ಲಾಶು, ತೆಗೆದುಬಿಟ್ಟೆ. ಇಲ್ಲಿ ಒಂದು ಸ್ಟುಡಿಯೋದವ್ರು ಕ್ಯಾನನ್ ಫ್ಲಾಶ್ ಬಾಡಿಗೆಗೆ ಕೊಡ್ತೀನಿ ಅಂದಿದಾರೆ, ಹಾಕಿ ನೋಡ್ದೆ, ಕೆಲಸ ಮಾಡ್ತಿದೆ.

ನಿನ್ನೆ ಶೋರೂಂ ನೋಡ್ಕೊಂಡು ಬಂದೆ. ಅಣ್ಣ ಬಿಳಿ ಬಟ್ಟೆಗೆ ಒಪ್ಪಿದ್ರು, ನನ್ನೆದುರಿಗೇ ಶಾಮಿಯಾನದವ್ರಿಗೆ ಫೋನ್ ಮಾಡಿದ್ರು. ವಾಟ್ಸಾಪಲ್ಲಿ ಎಲ್ಲ ಬರೆದು ಕಳಿಸ್ದೆ, ಓಕೆ ಅಂದು ಅರ್ಧ ದುಡ್ಡೂ ಹಾಕಿದಾರೆ. ಈಗ ಹೊಸ ಪ್ರಶ್ನೆಗಳು. ಅಂಗಡಿ ಪೂರ್ವಕ್ಕೆ ಮುಖ, ಮುಂದೆ ಪೂರ್ತಿ ಗ್ಲಾಸು. ಒಳಗೆ ಸೀಲಿಂಗು ಬಿಳಿ ಇಲ್ಲ, ಕಡು ಬೂದು ಬಣ್ಣ, ಎತ್ತರಾನೂ ಜಾಸ್ತಿ, ಆದ್ರೆ ಎಡಗಡೆ ಗೋಡೆ ಬಿಳಿ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು ಆಗೋದ್ರಿಂದ ಹತ್ತರೊಳಗೆ ಟೇಪ್ ಕಟಿಂಗ್ ಆಗ್ಲೇಬೇಕಂತೆ. ಟೇಪ್ ಕಟ್ ಮಾಡೋವಾಗ ನಾನು ಎಲ್ಲಿ ನಿಲ್ಲಬೇಕು? ಸ್ವಾಮೀಜಿಯವರ ಫೋಟೋ ತೆಗಿವಾಗ ಏನಾದ್ರೂ ನೋಡ್ಕೋಬೇಕಾ? ನಿರೂಪಣೆ ಅಣ್ಣನ ಮಗಳೇ ಮಾಡ್ತಾಳೆ.

ಹುಬ್ಬಳ್ಳಿ_ಸ್ಟುಡಿಯೋ

ಮೊದ್ಲ ಹೋಗಿ ಜಾಗ ನೋಡಿದ್ದು ಭಾಳ ಚಲೋ ಆತು ತಮ್ಮಾ, ಈಗ ಖರೇ ಮಾತು ಆಡಾಕ ಬರ್ತೈತಿ.

ಟೇಪ್ ಕಟ್ಟಾಗೂ ಮುಂಚೆ ನೀನು ಅಂಗಡಿ ಒಳಗ ಇರಬೇಕು, ಮಕ ಬಾಗಲ ಕಡೆ. ಹೊರಗ ನಿಂತ್ರ ಬೆನ್ನುಗಳ ಸಿಗ್ತಾವ. ಟೇಪ್ ಕಟ್ಟಿದ ಮ್ಯಾಲ ಒಳಗ ಹೋಗಾಕ ಯಾರೂ ಬಿಡೂದಿಲ್ಲ, ಅದಕ್ಕ ಕಟ್ಟೂಕಿಂತ ಮೊದ್ಲ ಅಣ್ಣಾರಿಗೆ ಹೇಳಿ ಹಿಂದಿನ ಬಾಗಲದಿಂದ ಒಳಗ ಸೇರ್ಕೋ. ವಿಡಿಯೋದವ್ರು ಇದ್ರ ಅವ್ರನ್ನೂ ಒಳಗ ಕರ್ಕೋ, ಯಾರು ಎಲ್ಲೆ ನಿಲ್ಲೂದು ಅಂತ ಇಬ್ರೂ ಮಾತಾಡ್ಕೊಳ್ರಿ. ಅವ್ರ ಎಲ್‌ಇಡಿ ಲೈಟ್ ನಿನಗೂ ಉಪಯೋಗ ಆಗ್ತೈತಿ.

ಪೂರ್ವದ ಮಕದ ಅಂಗಡಿ, ಹತ್ತರ ಸುಮಾರಿನ ಬಿಸಿಲು. ಅಂದ್ರ ಬಾಗಲದಾಗ ನಿಂತವ್ರ ಬೆನ್ನಿಗೆ ಬಿಸಿಲು, ನಿನ್ನ ಕಡೆ ಇರೂ ಮಕ ಕತ್ತಲ. ಕ್ಯಾಮೆರಾ ಹಿಂದಿನ ರಸ್ತೆ ಬೆಳಕು ನೋಡಿ ಮಕ ಕರ್ರಗ ಮಾಡ್ತೈತಿ. ಇಲ್ಲೆ ಮಾತ್ರ ಫ್ಲಾಶ್ ಮಕಕ್ಕ ನೇರ ಹೊಡಿ, ನಾ ಮೊದ್ಲ ಬ್ಯಾಡಂದಿದ್ದೆ, ಹಿಂದಿನಿಂದ ಬಿಸಿಲು ಬಡಿಯೂವಾಗ ಅದ ಬೇಕು. ನಿನ್ನ ಕ್ಯಾಮೆರಾದಾಗ ಫ್ಲಾಶ್ ಜೊತಿ ಶಟರ್ 1/200 ದಾಟಸಬ್ಯಾಡ. 1/200, ಎಫ್ 8, ಐಎಸ್‌ಒ 200 ಅಂತ ಇಟ್ಟು, ಹಿಂದಿನ ಗುರುವಾರ ಅದ ಟೈಮಿಗೆ ಹೋಗಿ ಯಾರನ್ನರೆ ಬಾಗಲದಾಗ ನಿಲ್ಲಿಸಿ ನೋಡು, ಹೆಚ್ಚು ಕಡಿಮಿ ಮಾಡ್ಕೋ. ಗ್ಲಾಸಿಗೆ ಎದುರಾಎದುರ ನಿಂತು ಫ್ಲಾಶ್ ಹೊಡದ್ರ ಬೆಳಕು ತಿರುಗಿ ಲೆನ್ಸಿಗೆ ಬರ್ತೈತಿ, ಸ್ವಲ್ಪ ಓರೆ ನಿಲ್ಲು.

ಒಳಗ ಬೂದು ಸೀಲಿಂಗು ಬೆಳಕು ನುಂಗ್ತೈತಿ, ಅದನ್ನ ಬಿಟ್ಟು ಎಡಗಡಿ ಬಿಳಿ ಗ್ವಾಡಿಗೆ ತಿರುವಿ ಹೊಡಿ. ಹೋಮದಾಗ ಫ್ಲಾಶ್ ಪೂರ್ತಿ ಬಂದ್. ಹೊಗಿ ಮ್ಯಾಲ ಫ್ಲಾಶ್ ಬಿದ್ರ ಎಲ್ಲಾ ಬೆಳ್ಳಗ ಮಂಜು ಕವದಂಗ ಬರ್ತೈತಿ. ಐಎಸ್‌ಒ 1600, 3200ರ ತನಕ ಏರಿಸು, ಬೆಂಕಿ ಬೆಳಕಿನಾಗ ದಂಪತಿ ಮಕ ಎಷ್ಟ ಚಂದ ಬರ್ತಾವ ನೋಡು. ಹೊಗಿ ಹಿಂದಿನಿಂದ ಬಿಸಿಲು ಬರೂ ಜಾಗ ಸಿಕ್ರಂತೂ ಆ ಫೋಟೋ ಗ್ವಾಡಿಗೆ ಹಾಕ್ತಾರ.

ಪೂಜ್ಯರ ಹಂತ್ಯಾಕ ಹೋಗುವಾಗ ಚಪ್ಪಲಿ ಬಿಟ್ಟು ಹೋಗು, ಸ್ಟೇಜಿಗೂ ಹಂಗ. ಅವ್ರಿಗೆ "ಇಲ್ಲೆ ನೋಡ್ರಿ" ಅಂತ ಕೂಗಬ್ಯಾಡ. ಏನರೆ ಬೇಕಂದ್ರ ಜೊತಿಗೆ ಬಂದ ಶಿಷ್ಯರಿಗೆ ಮೆಲ್ಲಕ ಹೇಳು, ಅವ್ರು ಅನುವು ಮಾಡಿ ಕೊಡ್ತಾರ. ಪಾದಪೂಜಿ ಇದ್ರ ಕೆಳಗ ಕುಂತು ತಗಿ. ಅಲ್ಲೆ ಮನಿಯವ್ರ ಮಕದಾಗ ಭಕ್ತಿ ಇರ್ತೈತಿ, ನಿಂತು ಮ್ಯಾಲಿಂದ ತಗದ್ರ ಬರೇ ನೆತ್ತಿ ಬರ್ತಾವ.

ಮೈಸೂರ್_ಮೂವತ್ತೈದು

ನಾನು ಸಣ್ಣ ಸಣ್ಣ ಕಂಪನಿ ಕಾರ್ಯಕ್ರಮಗಳನ್ನ ತೆಗೀತೀನಿ, ಸ್ಟೇಜ್ ಭಾಗದ ಬಗ್ಗೆ ಸ್ವಲ್ಪ ಸೇರಿಸ್ತೀನಿ. ನಿರೂಪಣೆ ಮನೆ ಮಗಳೇ ಮಾಡ್ತಾಳೆ ಅಂದ್ರಲ್ಲ, ಅದು ನಿಮಗೆ ದೊಡ್ಡ ಉಪಕಾರ. ಹಿಂದಿನ ದಿನ ಆ ಹುಡುಗಿ ಜೊತೆ ಹತ್ತು ನಿಮಿಷ ಕೂತ್ಕೊಳ್ಳಿ. ದೀಪ ಬೆಳಗಿಸೋದು ಆದ ತಕ್ಷಣ, ಪ್ರತಿ ಸನ್ಮಾನ ಆದ ತಕ್ಷಣ, "ದಯವಿಟ್ಟು ಒಂದು ಫೋಟೋ" ಅಂತ ಮೈಕಲ್ಲಿ ಅವಳೇ ಹೇಳಿಬಿಟ್ರೆ ಎಲ್ಲರೂ ಅರ್ಧ ನಿಮಿಷ ನಿಲ್ತಾರೆ. ನೀವು ಕೆಳಗಿಂದ ಎಷ್ಟು ಕೂಗಿದ್ರೂ ಕೇಳಿಸಲ್ಲ, ಮೈಕಿಂದ ಬಂದ ಮಾತಿಗೆ ಎಲ್ಲರೂ ನಿಲ್ತಾರೆ.

ದೀಪ ಬೆಳಗಿಸೋವಾಗ ಎಲ್ಲರೂ ಬಗ್ಗಿರ್ತಾರೆ, ಬತ್ತಿ ಹತ್ತಲ್ಲ, ಫ್ಯಾನ್ ಗಾಳಿಗೆ ಆರುತ್ತೆ. ಆ ಕಡೆ ಫ್ಯಾನ್ ಆಫ್ ಮಾಡ್ಸಿ. ದೀಪಸ್ತಂಭವನ್ನ ಸ್ಟೇಜಿನ ಹಿಂದಿನ ಅಂಚಿಗೆ ಅಂಟಿಸಿ ಇಡ್ದೆ ಎರಡಡಿ ಒಳಗೆ ಇಡೋಕೆ ಹೇಳಿ, ಆಗ ಅತಿಥಿಗಳು ದೀಪದ ಹಿಂದೆ ಜನರ ಕಡೆ ಮುಖ ಮಾಡಿ ನಿಲ್ಲೋಕಾಗುತ್ತೆ. ಅಂಚಲ್ಲೇ ಇಟ್ರೆ ಅರ್ಧ ಜನ ಬೆನ್ನು ತೋರಿಸ್ತಾರೆ. ಬತ್ತಿ ಹತ್ತಿ ಅವರು ತಲೆ ಎತ್ತಿದಾಗ ಒತ್ತಿ, ಫ್ಲಾಶ್ ಪವರ್ ಸ್ವಲ್ಪ ಇಳಿಸಿ, ಇಲ್ಲಾಂದ್ರೆ ದೀಪದ ಬೆಳಕೇ ಕಾಣಲ್ಲ.

ಸನ್ಮಾನದಲ್ಲಿ ಪೇಟ, ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ ಒಂದರ ಹಿಂದೆ ಒಂದು ಬೇಗ ಬೇಗ ನಡೆಯುತ್ತೆ. ಹಾರ ಹಾಕೋ ಕೈ ಯಾವಾಗಲೂ ಸನ್ಮಾನ ಮಾಡಿಸಿಕೊಳ್ಳೋರ ಮುಖಕ್ಕೆ ಅಡ್ಡ ಬರುತ್ತೆ. ಅದನ್ನೂ ತೆಗೀರಿ, ಆದ್ರೆ ಎಲ್ಲ ಮುಗಿದು ಸ್ಮರಣಿಕೆ ಹಿಡಿದು ನಿಂತಾಗ ಕಣ್ಣು ಮುಚ್ಚದ ಒಂದು ಫೋಟೋ ಪ್ರತಿಯೊಬ್ಬರದ್ದೂ ಇರ್ಲೇಬೇಕು, ಅದಕ್ಕೆ ಮೂರು ನಾಲ್ಕು ಸಲ ಒತ್ತಿ. ಇದು ನನಗೆ ತುಂಬಾ ಮುಖ್ಯ ಅನ್ಸುತ್ತೆ. ಸ್ವಾಮೀಜಿ, ಮುಖ್ಯ ಅತಿಥಿಗಳ ಫೋಟೋ ಎಲ್ಲರೂ ತೆಗೀತಾರೆ. ಆದ್ರೆ ರಾತ್ರಿ ಹಗಲು ತೋಟಕ್ಕೆ ಹೋಗಿ ಬಾವಿಯಿಂದ ಮೋಟಾರ್ ಎತ್ತಿ ಸರಿ ಮಾಡ್ಕೊಟ್ಟ ಆ ಮೆಕ್ಯಾನಿಕ್‌ಗೆ ತಲೆ ಮೇಲೆ ಪೇಟ ಇಟ್ಟಿರೋ ಫೋಟೋ ಅದೊಂದೇ ಇರಬಹುದು ಜೀವನದಲ್ಲಿ. ಅವರಿಗೂ ಮುಖ್ಯ ಅತಿಥಿಗೆ ಕೊಟ್ಟಷ್ಟೇ ಟೈಮ್ ಕೊಡಿ, ಆಮೇಲೆ ಅವರ ಹೆಂಡ್ತಿ ಮಕ್ಕಳು ಬಂದಿದ್ರೆ ಕರೆದು ಜೊತೆಗೊಂದು ತೆಗೀರಿ.

ಭಾಷಣದ ಫೋಟೋ ಎದುರಿನಿಂದ ಬೇಡ, ಮೈಕು ಬಾಯಿಗೆ ಅಡ್ಡ ಬರುತ್ತೆ, ಪಕ್ಕದಿಂದ ಓರೆಯಾಗಿ ನಿಮ್ಮ 55-250 ಹಾಕಿ ದೂರದಿಂದ ತೆಗೀರಿ. ಅದೇ ಲೆನ್ಸಲ್ಲಿ ಜನರ ಮುಖಾನೂ ತೆಗೀರಿ, ಹಕ್ಕಿ ತೆಗೆದ ತಾಳ್ಮೆ ಇಲ್ಲಿ ಕೆಲಸಕ್ಕೆ ಬರುತ್ತೆ. ಕುರ್ಚಿ ತುಂಬಿರೋ ಫೋಟೋ ಊಟಕ್ಕೆ ಮೊದಲೇ ಆಗ್ಬೇಕು, ಊಟಕ್ಕೆ ಕರೆದ ಮೇಲೆ ವಂದನಾರ್ಪಣೆ ಟೈಮಿಗೆ ಮುಂದಿನ ಸಾಲೂ ಖಾಲಿ ಆಗಿರುತ್ತೆ. ಊಟ ಮಾಡ್ತಿರೋರ ಮುಖ ಬೇಡ, ಬಡಿಸೋದು, ಪಂಕ್ತಿ, ಅಡುಗೆಯವರು, ಅಷ್ಟು ಸಾಕು. ಕಾರ್ಯಕ್ರಮ ಶುರು ಆಗೋ ಮುಂಚೆ ಸ್ಟೇಜ್ ಟೇಬಲ್ ಮೇಲಿರೋ ನೀರಿನ ಬಾಟ್ಲಿ, ಪ್ಲಾಸ್ಟಿಕ್ ಕವರ್ ತೆಗ್ಸಿಬಿಡಿ.

ಕ್ಯಾಮೆರಾ ವಿಷಯ: ನಿಮ್ಮದರಲ್ಲಿ ಕಾರ್ಡ್ ಸ್ಲಾಟ್ ಒಂದೇ. ಅದಕ್ಕೆ 64ರ ಒಂದು ಕಾರ್ಡಿನಲ್ಲೇ ಎಲ್ಲಾ ತುಂಬಬೇಡಿ. ಇನ್ನೊಂದು ಒಳ್ಳೇ ಕಾರ್ಡ್ ತಗೊಂಡು ಟೇಪ್ ಕಟಿಂಗ್ ಆದ ಮೇಲೆ ಬದಲಾಯಿಸಿ, ಮೊದಲಿನದು ಜೇಬಲ್ಲಿ ಇರಲಿ. ಒಂದು ಕೆಟ್ರೂ ಅರ್ಧ ಉಳಿಯುತ್ತೆ. ಬ್ಯಾಟರಿ ಎಲ್‌ಪಿ-ಇ17 ಇನ್ನೊಂದು ಬೇಕೇ ಬೇಕು. ವ್ಯೂಫೈಂಡರಲ್ಲಿ ಫೋಕಸ್ ಪಾಯಿಂಟ್ 9 ಮಾತ್ರ, ಮಧ್ಯದ್ದನ್ನ ಆರಿಸಿ ಕಣ್ಣಿನ ಮೇಲಿಟ್ಟು ತೆಗೀರಿ. ಗುಂಪಿಗೆ, ಕೆಳಗೆ ಕೂತು ತೆಗಿಯೋಕೆ, ಸ್ಕ್ರೀನ್ ತಿರುಗಿಸಿ ಲೈವ್ ವ್ಯೂ ಹಾಕಿ, ಅದರಲ್ಲಿ ಮುಖ ತಾನೇ ಹುಡುಕುತ್ತೆ, ಆದ್ರೆ ಬ್ಯಾಟರಿ ಬೇಗ ಖಾಲಿ. ರಾ ಮತ್ತೆ ಜೆಪೆಗ್ ಎರಡೂ ಆನ್ ಇರಲಿ. ಮನೆಗೆ ಬಂದ ತಕ್ಷಣ ಎರಡು ಕಡೆ ಕಾಪಿ, ಅದು ಆಗೋವರೆಗೂ ಕಾರ್ಡ್ ಫಾರ್ಮ್ಯಾಟ್ ಬೇಡ. ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದ್ರೆ ಒತ್ತಿ ಚಿಕ್ಕದು ಮಾಡುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಡ್ರೈವ್ ಲಿಂಕ್ ಕೊಡಿ.

ಕೆರೆಏರಿ_ಕ್ಲಿಕ್ಸ್

ಅಕ್ಕ, ಮೆಕ್ಯಾನಿಕ್‌ಗಳ ಬಗ್ಗೆ ನೀವು ಹೇಳಿದ್ದು ಅಣ್ಣನಿಗೆ ಓದಿ ಹೇಳಿದೆ. ಅವರ ಮನೆಯವರನ್ನೂ ಕರ್ಕೊಂಡು ಬನ್ನಿ ಅಂತ ಒಬ್ಬೊಬ್ಬರಿಗೂ ಫೋನ್ ಮಾಡ್ತೀನಿ ಅಂದ್ರು. ಕೊನೇದೊಂದು ಕೇಳ್ತೀನಿ, ಪೇಪರಿಗೆ ಹಾಕಿಸ್ಬೇಕು ಒಂದು ಫೋಟೋ ಕೊಡು ಅಂತಿದಾರೆ. ಎಂಥ ಫೋಟೋ ಕೊಡ್ಲಿ, ಯಾವಾಗ ಕೊಡ್ಬೇಕು?

ತುಮಕೂರ್_ಟ್ರೇಡರ್

ಅವತ್ತೇ ಸಂಜೆಯೊಳಗೆ ಹೋಗ್ಬೇಕು, ಮಾರನೇ ದಿನ ಕೊಟ್ರೆ ಹಳೇ ಸುದ್ದಿ ಆಗುತ್ತೆ. ಅದಕ್ಕೆ ಊಟದ ಟೈಮಲ್ಲೇ ಕ್ಯಾಮೆರಾ ವೈಫೈಯಿಂದ ಎರಡು ಜೆಪೆಗ್ ಫೋನಿಗೆ ಹಾಕ್ಕೊಳಿ, ಎಡಿಟಿಂಗ್ ಅಂತ ಕಾಯಬೇಡಿ. ಅಡ್ಡ ಫೋಟೋ ಇರಲಿ. ಟೇಪ್ ಕಟಿಂಗ್ ಇಲ್ಲಾ ದೀಪ ಬೆಳಗಿಸಿದ್ದು, ಐದಾರು ಜನರ ಮುಖ ಸ್ಪಷ್ಟ ಕಾಣೋದು, ಹಿಂದೆ ಅಂಗಡಿ ಹೆಸರು ಸ್ವಲ್ಪ ಕಂಡ್ರೆ ಒಳ್ಳೇದು. ತುಂಬ ಜನ ಇರೋ ಫೋಟೋ ಪೇಪರಲ್ಲಿ ಸಣ್ಣದಾಗಿ ಬಂದು ಯಾರ ಗುರುತೂ ಸಿಗಲ್ಲ.

ಫೋಟೋ ಜೊತೆ ನಾಲ್ಕು ಸಾಲು ಸುದ್ದಿ, ಅದರ ಕೆಳಗೆ ಎಡದಿಂದ ಬಲಕ್ಕೆ ಯಾರ‍್ಯಾರು ನಿಂತಿದಾರೆ ಅಂತ ಹೆಸರು, ಹುದ್ದೆ. ಹೆಸರಿನ ಅಕ್ಷರ ಆಮಂತ್ರಣ ಪತ್ರಿಕೆಯಲ್ಲಿ ಹೇಗಿದೆಯೋ ಹಾಗೇ ಟೈಪ್ ಮಾಡಿ, ಕಳಿಸೋ ಮುಂಚೆ ಅಣ್ಣನಿಗೆ ತೋರ್ಸಿ ಓಕೆ ಮಾಡಿಸ್ಕೊಳಿ. ಸ್ವಾಮೀಜಿಯವರ ಹೆಸರಿನ ಹಿಂದೆ ಮುಂದೆ ಏನೇನು ಬರ್ಬೇಕು ಅನ್ನೋದನ್ನಂತೂ ಮಠದವರ ಹತ್ರಾನೇ ಕೇಳಿ ಬರ್ಕೊಳಿ.